ಗದ್ದೆಮ್ಮನ ಅಂಗಳಕ್ಕಿಳಿದ ಗುದ್ದಲಿ ಪೂಜೆ

ಬೇರೆಯವರ ಮನೆಗೆ ಮೆಟ್ಟಿಲು ಹತ್ತಿ ಹೋಗುತ್ತೇವೆ. ಗದ್ದೆಮ್ಮನ ಮನೆಗೆ ಇಳಿದು ಹೋಗಬೇಕಿತ್ತು. ರಸ್ತೆಯಿಂದ ಎರಡು ಮೆಟ್ಟಿಲು ಇಳಿದರೆ ಅಂಗಳ, ಅಲ್ಲಿಂದ ಒಳಗೆ ಪಡಸಾಲೆ. ಹೊಸಬರು ಇದೇನು ಕಾಳು ತುಂಬುವ ಹಗೇವಿನೊಳಗೆ ಮನೆ ಕಟ್ಟಿದ್ದೀರಾ ಎಂದು ಕೇಳುತ್ತಿದ್ದರು. ಅವಳ ಗಂಡ ಆದೆಪ್ಪ ಬದುಕಿದ್ದಾಗ ಇಬ್ಬರೂ ಕಲ್ಲು ಹೊತ್ತು ಕಟ್ಟಿದ ಮನೆ ಅದು. ಕಟ್ಟಿದಾಗ ಓಣಿಗಿಂತ ಒಂದು ಮೆಟ್ಟಿಲು ಎತ್ತರದಲ್ಲಿತ್ತು. ಮನೆ ಕುಸಿದಿರಲಿಲ್ಲ. ರಸ್ತೆ ಬೆಳೆದಿತ್ತು.

ಲಿಂಗಸುಗೂರಿನಿಂದ ಮಸ್ಕಿಗೆ ಹೋಗುವ ದಾರಿಯಲ್ಲಿ ಒಳಕ್ಕೆ ತಿರುಗಿದರೆ ನಮ್ಮೂರು. ಗದ್ದೆಮ್ಮನದು ಅಲ್ಲಿಯ ಹುಣಸಿಮರದ ಓಣಿ. ಹುಣಸಿಮರ ಈಗ ಇಲ್ಲ, ಮೊದಲನೇ ಸಿಮೆಂಟ್ ರಸ್ತೆ ಬಂದಾಗ ಅದನ್ನು ಕಡಿದರು. ಓಣಿ ಇಳಿಜಾರು. ಮೇಲಿನ ತುದಿಯಲ್ಲಿ ಹೊಲ, ಅಂಗಡಿ ಇದ್ದವರ ಮನೆಗಳು. ಕೆಳಗಿನ ತುದಿಯಲ್ಲಿ ನಮ್ಮ ಮಂದಿಯ ಮನೆಗಳು, ನಡುವೆ ನೀರಿನ ಟಾಕಿ. ಮೇಲಿನವರ ಬಚ್ಚಲ ನೀರು ಕೆಳಗಿನವರ ಬಾಗಿಲಿಗೆ ಬರುವುದು ಎಲ್ಲ ಊರಿನ ರೂಢಿ. ನಮ್ಮೂರೇನು ಬೇರೆ ಅಲ್ಲ.

ಗದ್ದೆಮ್ಮ ಪಾಮನಕಲ್ಲೂರಿನ ಮಗಳು. ವಯಸ್ಸಿನಲ್ಲಿದ್ದಾಗ ಸಿಂಧನೂರು ಕಡೆಯ ವಲಸೆ ರೈತರ ಕ್ಯಾಂಪುಗಳಲ್ಲಿ ಭತ್ತ ನಾಟಿ ಮಾಡಿ ದುಡಿದವಳು. ಆ ದಿನಗಳಲ್ಲಿ ನಾವು ಕೂಲಿ ಹೆಚ್ಚಿಸಿ ಎಂದು ಕಾಲುವೆ ದಂಡೆಗೆ ಧರಣಿ ಕೂರುತ್ತಿದ್ದೆವು. ನೀನೂ ಬಾ, ಕೂಡು ಎಂದರೆ, “ಎಲ್ಲಾರೂ ಕುಂತ್ರ ಹೊಟ್ಟಿಗೇನು? ಘೋಷಣಾ ತಿಂತೀರೇನು?” ಎಂದು ರೊಟ್ಟಿಯ ಗಂಟು ನಮ್ಮ ಮುಂದೆ ಇಟ್ಟು ಗದ್ದೆಗೆ ಹೋಗುತ್ತಿದ್ದಳು. ಒಂದು ಘೋಷಣೆಯನ್ನೂ ಕೂಗಿದವಳಲ್ಲ. ಆದರೆ ಕೂಗಿದವರು ಅವಳ ರೊಟ್ಟಿ ತಿಂದೇ ಕೂಗಿದ್ದು.

ಆ ರೊಟ್ಟಿಯೇ ಮುಂದೆ ಅವಳ ಕಸುಬಾಯಿತು. ಸೊಸೆ ಪದ್ಮಾವತಿಯೊಂದಿಗೆ ಪಡಸಾಲೆಯಲ್ಲಿ ಎರಡು ಒಲೆ ಹೂಡಿ ಖಡಕ್ ಜೋಳದ ರೊಟ್ಟಿ ಬಡಿಯುತ್ತಾಳೆ. ಹಟ್ಟಿಯ ಖಾನಾವಳಿಗಳು ಅವನ್ನು ಕೊಳ್ಳುತ್ತವೆ. ಮಗ ವೀರೇಶನಿಗೆ ಅಲ್ಲಿನ ಚಿನ್ನದ ಗಣಿಯಲ್ಲಿ ಕೆಲಸ. ಪಾಳಿಗೆ ಹೋಗುವಾಗ ಬೈಕಿನ ಹಿಂದೆ ರೊಟ್ಟಿಯ ಡಬ್ಬ ಕಟ್ಟಿಕೊಂಡು ಹೋಗುತ್ತಾನೆ. ಮನೆಯ ಹಿಂಬದಿಗೆ ಹೊಗೆ ಹೋಗಲು ದಾರಿಯಿಲ್ಲ, ಹಾಗಾಗಿ ಒಲೆಗಳು ಮುಂದಿನ ಬಾಗಿಲ ಪಕ್ಕದಲ್ಲೇ ಇರಬೇಕು. ನೀರು ಒಳಗೆ ಬಂದರೆ ಮೊದಲು ಸಿಗುವುದು ಒಲೆ.

ನಮ್ಮಲ್ಲಿ ಪ್ರತಿ ಚುನಾವಣೆಯಲ್ಲೂ ಗೆದ್ದವರು ರಸ್ತೆ ಹಾಕಬೇಕು. ಹಳೆಯದನ್ನು ಕೀಳುವ ಮಾತು ಯಾವ ಎಸ್ಟಿಮೇಟಿನಲ್ಲೂ ಇರುವುದಿಲ್ಲ. ಕೀಳುವುದು ಫೋಟೊದಲ್ಲಿ ಚೆನ್ನಾಗಿ ಬರುವುದಿಲ್ಲ. ಹೀಗೆ ಒಂದರ ಮೇಲೊಂದು ಮೂರು ರಸ್ತೆ ಬಿದ್ದವು. ಮೊದಲನೆಯದು ಗದ್ದೆಮ್ಮನ ಮೆಟ್ಟಿಲ ಕಲ್ಲನ್ನು ನುಂಗಿತು. ಎರಡನೆಯದಕ್ಕೆ ಅಂಗಳ ತಗ್ಗಾಯಿತು. ಮೂರನೆಯದು ಬಿದ್ದ ಮೇಲೆ ದೊಡ್ಡ ಮಳೆ ಬಂದಾಗಲೆಲ್ಲ ಅವಳು ಬಾಗಿಲಿಗೆ ಅಡ್ಡ ಮಣ್ಣಿನ ಒಡ್ಡು ಹಾಕಿ ಒಲೆ ಉಳಿಸಿಕೊಳ್ಳತೊಡಗಿದಳು. ಈಗ ನಾಲ್ಕನೆಯದು ಬರುತ್ತಿದೆ ಎಂದು ಗೊತ್ತಾಯಿತು. ಅದು ಬಿದ್ದರೆ ರಸ್ತೆ ಅವಳ ಕಿಟಕಿಯ ಮಟ್ಟಕ್ಕೆ ನಿಲ್ಲುತ್ತದೆ, ಯಾವ ಒಡ್ಡೂ ತಡೆಯುವುದಿಲ್ಲ. ಒಲೆ ಹೋದರೆ ರೊಟ್ಟಿ ಹೋಯಿತು, ರೊಟ್ಟಿ ಹೋದರೆ ಅತ್ತೆ ಸೊಸೆ ಮತ್ತೆ ಕಂಡವರ ಹೊಲಕ್ಕೆ.

ವಾರ್ಡ್ ಸಭೆ ಅಂಗನವಾಡಿಯ ಮುಂದೆ ಸೇರಿತು. ನಮ್ಮ ಪಂಚಾಯಿತಿ ಸದಸ್ಯೆ ಸುರೇಖಾ. ಮಾತಾಡುವವನು ಅವಳ ಗಂಡ ಶಿವಕಾಂತ. ಊರೆಲ್ಲ ಅವನನ್ನೇ ಮೆಂಬರ್ ಎನ್ನುತ್ತದೆ, ಗೆದ್ದವಳನ್ನು ಮೆಂಬರ್ ಹೆಂಡ್ತಿ ಎನ್ನುತ್ತದೆ. ಅವತ್ತೂ ಅವಳು ಕುರ್ಚಿಯ ತುದಿಯಲ್ಲಿ ಸೆರಗು ಹಿಡಿದು ಕೂತಿದ್ದಳು. ಅವನು ನಿಂತು ಹೇಳಿದ:

“ನಮ್ಮ ಓಣಿಗಿ ಹೊಸ ಸಿಸಿ ರೋಡ್ ಮಂಜೂರ ಆಗೈತ್ರಿ. ಕೆಳಗಿನ ತುದಿಯಿಂದ ಮ್ಯಾಲ ನಮ್ಮನಿ ತನಕ. ಬರೋ ಶುಕ್ರವಾರ ಶಾಸಕರು ಗುದ್ದಲಿ ಪೂಜಾಕ ಬರ್ತಾರ. ಯಾರದರ ಏನರ ಇದ್ರ ಈಗ ಹೇಳ್ರಿ.” ಹೇಳಿರಿ ಎನ್ನುತ್ತಲೇ ಫೋನ್ ನೋಡತೊಡಗಿದ.

“ನಂದೈತಿ,” ಎಂದಳು ಗದ್ದೆಮ್ಮ.

“ಹೇಳು.”

“ರೋಡ್ ಬ್ಯಾಡ.”

ಮಂದಿ ನಕ್ಕರು. ಶಿವಕಾಂತನೂ ನಕ್ಕ. “ಮಂದಿ ರೋಡ್ ಕೊಡ್ರಿ ಅಂತ ರೋಡಿಗಿ ಕೂಡ್ತಾರ. ಬ್ಯಾಡ ಅನ್ನಾಕಿನ್ನ ಇವತ್ತ ನೋಡಿದೆ.”

“ಅವ್ರಿಗಿ ಒಂದೂ ಇರಂಗಿಲ್ಲ, ಕೂಡ್ತಾರ. ನಮಗ ಮೂರು ಅದಾವು, ಒಂದರ ಮ್ಯಾಲ ಒಂದು. ಹಾಕೋದಾದ್ರ ಮೊದಲ ಅವನ್ನ ಕಿತ್ತು ಆಮ್ಯಾಲ ಹಾಕ್ರಿ.”

“ಕೀಳೋದು ಎಸ್ಟಿಮೇಟ್‌ನ್ಯಾಗ ಇಲ್ಲ.”

“ನಾ ಅದೀನೇನಪ್ಪಾ ಅದರಾಗ?”

“ಮನಿ ಏರಿಸ್ಕೊ. ಎಲ್ಲಾರೂ ಏರ್ಸ್ಯಾರ.”

“ನಾ ಏರಸ್ತೀನಿ, ನೀವು ಮತ್ತ ರೋಡ್ ಏರಸ್ತೀರಿ. ಎಲ್ಲಿ ತನಕ ಏರೋಣು, ಕೈಲಾಸದ ತನಕಾ?”

ಆಗ ಗದ್ದೆಮ್ಮನ ಪಕ್ಕದ ಮನೆಯ ಅಮೀನ್‌ಸಾಬ್ ಎದ್ದ. ಅವನದು ಹಿಟ್ಟಿನ ಗಿರಣಿ. “ಏರಿಸ್ಕೊಂಡಾವ್ರ ಪಾಡು ನೋಡ್ಬೇಕಂದ್ರ ನಮ್ಮ ಗಿರಣಿಗಿ ಬರ್ರಿ. ನೀರು ಬರತೈತಿ ಅಂತ ಮರಂ ಮಣ್ಣು ತುಂಬಿ ನೆಲ ಏರಿಸಿದೆ. ಮಾಳಿಗಿ ಏರ್ಲಿಲ್ಲ. ಈಗ ಗಿರಾಕಿ ಬಾಗಲಾಗ ಹಣಿ ಬಡಕೊಂಡು ಒಳಗ ಬರ್ತಾರ, ಹೋಗಬೇಕಾದ್ರ ಇನ್ನೊಮ್ಮಿ ಬಡಕೋತಾರ. ಬೀಸಿದ್ದಕ್ಕಿಂತ ಬೈಸಿಕೊಂಡಿದ್ದ ಜಾಸ್ತಿ.”

ಮತ್ತೆ ನಗೆ. ಶಿವಕಾಂತನಿಗೆ ಸಿಟ್ಟು ಬಂತು. “ನಕ್ರಿ ನೀವು. ತಕರಾರು ತಗದ್ರ ಗ್ರ್ಯಾಂಟ್ ವಾಪಸ್ ಹೊಕ್ಕೈತಿ. ಬ್ಯಾರೆ ಓಣ್ಯಾವ್ರು ಬಾಯಿ ತಕ್ಕೊಂಡು ಕುಂತಾರ.”

ನಗೆ ನಿಂತಿತು. ಗ್ರ್ಯಾಂಟ್ ವಾಪಸ್ ಹೋಗುತ್ತದೆ ಎಂಬ ಒಂದು ಮಾತು ಲಾಠಿಗಿಂತ ಚೆನ್ನಾಗಿ ಕೆಲಸ ಮಾಡುವುದನ್ನು ನಾವು ಬಹಳ ಕಡೆ ನೋಡಿದ್ದೇವೆ. ಕೆಳಗಿನ ತುದಿಯವರೇ ಗದ್ದೆಮ್ಮನ ಸೆರಗು ಜಗ್ಗಿದರು, ಬಂದದ್ದು ಬರಲಿ ಬಿಡವ್ವಾ ಎಂದರು. ಮಳೆ ಬಂದಾಗ ಅವರ ಮನೆಗೂ ನೀರು ಹೋಗುತ್ತಿತ್ತು. ಆದರೂ ಹಾಗೆಂದರು.

ಸಭೆ ಮುಗಿದ ಮೇಲೆ ನಾವು ಧರಣಿಯ ಹಳೇ ಮಂದಿ ಅವಳ ಮನೆಗೆ ಹೋದೆವು. ತಹಸೀಲ್ದಾರರಿಗೆ ಮನವಿ ಕೊಡೋಣ ಎಂದೆವು.

“ನಿಮ್ಮ ಮನವಿ ನಂಗೊತ್ತಿಲ್ಲೇನು? ನಾಕು ಮಂದಿ ಒಂದ ಹಾಳಿ ಹಿಡ್ಕೊಂಡು ಕ್ಯಾಮರಾ ನೋಡ್ತೀರಿ. ತಗೊಳ್ಳೋನೂ ಕ್ಯಾಮರಾ ನೋಡ್ತಾನ. ಹಾಳಿ ಯಾರೂ ನೋಡಂಗಿಲ್ಲ,” ಎಂದಳು. ಸುಳ್ಳೇನಲ್ಲ. ನಾವು ಕೊಟ್ಟ ರೊಟ್ಟಿ ತಿಂದೆವು.

ವೀರೇಶನಿಗೆ ಈ ಜಗಳ ಸಾಕಾಗಿತ್ತು. “ಬಿಡಬೇ ಯವ್ವಾ. ಲಿಂಗಸುಗೂರಾಗ ಬಾಡಗಿ ಮನಿ ಹಿಡಿಯೋಣು. ನನ್ನ ಪಗಾರದಾಗ ಆಕ್ಕೈತಿ.”

“ಬಾಡಗಿ ಮನ್ಯಾಗ ಎರಡು ಒಲಿ ಹೂಡ್ತೀನಂದ್ರ ಯಾವ ಮಾಲಕ ಹೂಂ ಅಂತಾನ? ಹೊಗಿ ಅಂತಾನ. ನಿನ್ನ ಪಗಾರ ನೀ ಉಣ್ಣು. ನಂದು ನಾ ಉಂತೀನಿ.”

ಗುದ್ದಲಿ ಪೂಜೆಗೆ ಮಣ್ಣು ಬೇಕು. ಸಿಮೆಂಟಿನ ಮೇಲೆ ಮಣ್ಣು ಎಲ್ಲಿಂದ ಬರಬೇಕು? ಗುತ್ತಿಗೆದಾರರು ಇದಕ್ಕೊಂದು ದಾರಿ ಮಾಡಿಕೊಂಡಿದ್ದಾರೆ. ಬೆಳಿಗ್ಗೆ ಟ್ರ್ಯಾಕ್ಟರಿನಲ್ಲಿ ಕೆಂಪು ಮರಂ ತಂದು ಹಳೇ ರಸ್ತೆಯ ಮೇಲೆ ಗುಡ್ಡೆ ಹಾಕುತ್ತಾರೆ. ಅದಕ್ಕೆ ಅರಿಶಿನ, ಕುಂಕುಮ, ಚೆಂಡು ಹೂವು. ದೊಡ್ಡವರು ಬಂದು ಆ ಗುಡ್ಡೆಗೆ ಗುದ್ದಲಿ ಮುಟ್ಟಿಸುತ್ತಾರೆ, ಚಪ್ಪಾಳೆ ಬೀಳುತ್ತದೆ, ಕಾರು ಹೋಗುತ್ತದೆ. ಆಮೇಲೆ ಆ ಮಣ್ಣನ್ನೇ ಹರವಿ ಮೇಲೆ ಕಾಂಕ್ರೀಟು ಸುರಿಯುತ್ತಾರೆ. ಅಂದರೆ ಪೂಜೆಯ ಮಣ್ಣೂ ರಸ್ತೆಯನ್ನು ಏರಿಸುವ ಕೆಲಸವನ್ನೇ ಮಾಡುತ್ತದೆ.

ಶುಕ್ರವಾರ ಬೆಳಿಗ್ಗೆ ಗುತ್ತಿಗೆದಾರನ ಆಳು ಓಣಿಯ ಕೆಳತುದಿಯಲ್ಲಿ, ಗದ್ದೆಮ್ಮನ ಮನೆಯ ನೇರಕ್ಕೆ ಗುಡ್ಡೆ ಹಾಕಿಸಿ, ಅರಿಶಿನ ಕುಂಕುಮ ಏರಿಸಿ, ಶಾಮಿಯಾನ ತರಲು ಹೋದ. ಅವನು ಅತ್ತ ಹೋಗುತ್ತಲೇ ಒಂದು ಜೋರು ಮಳೆ ಬಂತು. ಹೆಚ್ಚು ಹೊತ್ತಿನದಲ್ಲ, ಆದರೆ ಮೇಲಿನ ಓಣಿಯ ನೀರೆಲ್ಲ ಕೆಳಗೆ ಬರಲು ಅಷ್ಟು ಸಾಕು. ಗದ್ದೆಮ್ಮ ಬುಟ್ಟಿ ತೆಗೆದುಕೊಂಡು ಹೊರಗೆ ಬಂದಳು. ಒಡ್ಡಿಗೆ ಮಣ್ಣು ಬೇಕು. ಕಣ್ಣೆದುರಿಗೇ ಇತ್ತು. ಅವಳೂ ಪದ್ಮಾವತಿಯೂ ಹೂವು ಅರಿಶಿನ ಸಮೇತ ಗುಡ್ಡೆಯನ್ನು ಹೊತ್ತು ತಂದು ಬಾಗಿಲಿಗೆ ಅಡ್ಡ ಹಾಕಿ ತುಳಿದು ಗಟ್ಟಿ ಮಾಡಿದರು. ಮಳೆ ನಿಂತಿತು. ಅಂಗಳದಲ್ಲಿ ಪಾದ ಮುಳುಗುವಷ್ಟು ಕೊಳಕು ನೀರು ನಿಂತಿತು. ಒಲೆ ಒಣಗಿಯೇ ಇತ್ತು. ಇಬ್ಬರೂ ರೊಟ್ಟಿ ಬಡಿಯಲು ಕೂತರು.

ಬೇಕಂತಲೇ ಮಾಡಿದೆಯಾ ಎಂದು ಆಮೇಲೆ ಎಷ್ಟೋ ಮಂದಿ ಕೇಳಿದ್ದಾರೆ. “ಮಳಿಗಿ ನಾ ಹೇಳಿ ಕಳಿಸಿದ್ನೇನು?” ಎನ್ನುತ್ತಾಳೆ, ಅಷ್ಟೇ.

ಶಾಸಕರು ತಡವಾಗಿ ಬಂದರು. ಅವರ ಹೆಸರು ಇಲ್ಲಿ ಬೇಕಿಲ್ಲ, ಶಾಸಕರು ಬದಲಾಗುತ್ತಾರೆ, ಗುದ್ದಲಿ ಮಾತ್ರ ಅದೇ ಇರುತ್ತದೆ. ಜೊತೆಗೆ ಇಂಜಿನಿಯರ್, ಪೂಜೆಯ ಅಯ್ಯನವರು, ಫೋಟೊದವನು, ಶಿವಕಾಂತ, ಆರತಿ ತಟ್ಟೆ ಹಿಡಿದ ಸುರೇಖಾ. ಮೇಲಿನ ತುದಿಯಿಂದ ಶಿವಕಾಂತನ ತಾಯಿ ಶೇಖರಮ್ಮನೂ ಕೋಲೂರಿಕೊಂಡು ಬಂದಿದ್ದಳು. ಎಲ್ಲರೂ ಚಪ್ಪಲಿ ಬಿಟ್ಟು ನಿಂತು ನೋಡಿದರೆ ಗುಡ್ಡೆಯೇ ಇಲ್ಲ.

“ಮಣ್ಣೆಲ್ಲಿ ಹೋತಲೇ?” ಶಿವಕಾಂತ ಗುತ್ತಿಗೆದಾರನ ಆಳಿಗೆ ಕೇಳಿದ. ಅವನು ಅತ್ತಿತ್ತ ನೋಡಿ, ಕೆಳಗೆ ಬಾಗಿಲಲ್ಲಿ ಚೆಂಡು ಹೂವು ಕಂಡು ಕೂಗಿದ: “ಪೂಜಿ ಮಣ್ಣು ಎತ್ಕೊಂಡು ಹೋಗ್ಯಾಳ್ರಿ ಈ ಮುದುಕಿ!”

ಗದ್ದೆಮ್ಮ ಒಲೆ ಮುಂದಿನಿಂದ ಏಳಲಿಲ್ಲ. “ಎಲ್ಲಿ ಹೋಗಲಿ ತಮ್ಮಾ, ಮನ್ಯಾಗ ಅದೀನಿ. ನೀರು ಬಂತು, ಒಡ್ಡು ಹಾಕೀನಿ. ನಾ ತರಲಿಲ್ಲಂದ್ರೂ ನಿನ್ನ ಮಣ್ಣು ಹರಕೋಂತ ಇಲ್ಲಿಗೇ ಬರ್ತಿತ್ತು.”

“ತಗಿ ಅದನ್ನ!” ಎಂದ ಶಿವಕಾಂತ.

“ತಗದ್ರ ನೀರು ಒಲಿಗಿ ಹೊಕ್ಕಾವ್ರಿ,” ಪದ್ಮಾವತಿ ಹೇಳಿದಳು. “ನೀವ ಬಂದು ತಗೀರಿ. ತಗದು, ಇಲ್ಲೇ ಕುಂತು ಈ ಹಿಟ್ಟೂ ಬಡದು ಹೋಗ್ರಿ.”

ಶಾಸಕರು ಗಡಿಯಾರ ನೋಡಿಕೊಂಡು ಅಯ್ಯನವರ ಕಡೆ ತಿರುಗಿದರು. “ಏನ್ಮಾಡೋಣ್ರಿ ಅಯ್ಯನೋರ? ಬ್ಯಾರೆ ಮಣ್ಣು ತರಸೋಣೇನು?”

“ಬ್ಯಾರೆ ಮಣ್ಣು ಬರೋದ್ರಾಗ ರಾಹುಕಾಲ ಬರತೈತ್ರಿ. ಅರಿಶಿಣ ಬಿದ್ದ ಮಣ್ಣು ಎಲ್ಲೈತೋ ಅಲ್ಲೇ ಪೂಜಾ. ಇಳೀರಿ, ಜಲ್ದಿ ಮುಗಸ್ರಿ.” ಹಾಗೆ ಹೇಳಿದ ಅಯ್ಯನವರು ತಾವು ಮಾತ್ರ ಇಳಿಯಲಿಲ್ಲ. ರಸ್ತೆಯ ಅಂಚಿಗೆ ನಿಂತು ಅಲ್ಲಿಂದಲೇ ಅಕ್ಷತೆ ಎಸೆದರು. ಯಾಕೆಂದು ಯಾರೂ ಕೇಳಲಿಲ್ಲ. ಊರಲ್ಲಿ ಹುಟ್ಟಿದವರಿಗೆ ಕೇಳುವ ಅಗತ್ಯವೂ ಇಲ್ಲ.

ಶಾಸಕರು ಬಿಳಿ ಪ್ಯಾಂಟು ಮಡಚಿ ಬರಿಗಾಲಲ್ಲಿ ಎರಡು ಮೆಟ್ಟಿಲು ಇಳಿದರು. ಹಿಂದೆ ತಟ್ಟೆ ಹಿಡಿದು ಸುರೇಖಾ. ಬಚ್ಚಲ ನೀರು ಇಬ್ಬರ ಪಾದ ಮುಚ್ಚಿತು. ಮೇಲೆ ನಿಂತವರ ಮೊಣಕಾಲು ಶಾಸಕರ ಸೊಂಟದ ಮಟ್ಟಕ್ಕಿತ್ತು. ಗುದ್ದಲಿ ಹಿಡಿದು ಬಗ್ಗಿದಾಗ ತಲೆ ಮಂದಿಯ ಮೊಣಕಾಲ ಮಟ್ಟಕ್ಕೆ ಬಂತು. ಫೋಟೊದವನು ಎರಡು ಸಲ ಜಾಗ ಬದಲಿಸಿ, ಕೊನೆಗೆ ಕ್ಯಾಮರಾ ಇಳಿಸಿದ.

“ಸಾಹೇಬ್ರ,” ಎಂದಳು ಗದ್ದೆಮ್ಮ, ಹೆಂಚಿನ ಮೇಲಿನ ರೊಟ್ಟಿಗೆ ನೀರು ಸವರುತ್ತಾ, “ಹಗುರಕ ಹೊಡೀರಿ. ಒಡ್ಡು ಒಡದ್ರ ಒಲಿ ಆರತೈತಿ. ಇವತ್ತಿನ ರೊಟ್ಟಿ ಹಟ್ಟಿಗಿ ಹೋಗಬೇಕು.”

ಎತ್ತಿದ ಗುದ್ದಲಿ ಹಾಗೇ ನಿಂತಿತು. ಶಾಸಕರು ಒಡ್ಡು ನೋಡಿದರು, ಅದರಾಚೆ ಉರಿಯುವ ಎರಡು ಒಲೆ ನೋಡಿದರು, ಗೋಡೆಗೆ ಒರಗಿಸಿ ಜೋಡಿಸಿದ ರೊಟ್ಟಿ ನೋಡಿದರು. ಅವರು ಒಳ್ಳೆಯವರೋ ಕೆಟ್ಟವರೋ, ಆ ಮಾತು ಬೇರೆ. ಮುದುಕಿಯೊಬ್ಬಳ ಒಲೆಯನ್ನು ಗುದ್ದಲಿಯಿಂದ ಆರಿಸಿದ ಶಾಸಕ ಎಂದು ಹೆಸರು ಬಂದರೆ ಮುಂದಿನ ಚುನಾವಣೆಯಲ್ಲಿ ಏನಾಗುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಗುದ್ದಲಿ ಇಳಿಸಿ ಕೇಳಿದರು: “ಏನವ್ವಾ, ನಿನ್ನ ಮನಿ ಹಿಂಗ್ಯಾಕ ತಗ್ಗಿನ್ಯಾಗ ಕಟ್ಟೀದಿ?”

“ನಾ ತಗ್ಗಿನ್ಯಾಗ ಕಟ್ಟಿಲ್ಲ ಯಪ್ಪಾ. ನೀವು ಈಗ ಎಲ್ಲಿಂದ ಇಳದು ಬಂದ್ರಿ ನೋಡ್ರಿ. ಅದನ್ನ ಕಟ್ಟಿದಾವ್ರು ನೀವು.”

ಶಾಸಕರು ತಲೆಯೆತ್ತಿ ಇಂಜಿನಿಯರನನ್ನು ಕರೆದರು. ಇಂಜಿನಿಯರ್ ಇಳಿಯದೆ ಮೇಲಿನಿಂದಲೇ ಹೇಳಿದ, ಹಳೇದನ್ನು ಕಿತ್ತು ಹಾಕಲು ಮಂಜೂರಾದ ಹಣ ಸಾಲದು, ಮಾಡಲೇಬೇಕೆಂದರೆ ಉದ್ದ ಕಡಿಮೆಯಾಗುತ್ತದೆ, ಈ ತುದಿಯಿಂದ ನೀರಿನ ಟಾಕಿಯ ತನಕ ಮಾತ್ರ.

“ಅದೆಂಗ್ರಿ?” ಶಿವಕಾಂತ ಮುಂದೆ ಬಂದ. “ಟಾಕಿ ತನಕ ಅಂದ್ರ ನಮ್ಮ ಕಡಿಗಿ ರೋಡ್ ಇಲ್ಲಂದಂಗಾತು. ರೋಡ್ ತಂದಾಂವ ನಾ, ನನ್ನ ಮನಿ ಮುಂದ ಇಲ್ಲಂದ್ರ ಮಂದಿ ನಗಂಗಿಲ್ಲೇನು?”

“ನಗಲಿ ಬಿಡು,” ಎಂದಿತು ಹಿಂದಿನಿಂದ ಒಂದು ದನಿ. ಶೇಖರಮ್ಮ. ಕೋಲಿನಿಂದ ಮಂದಿಯನ್ನು ಸರಿಸಿ ಮುಂದೆ ಬಂದಳು. “ನಮ್ಮ ಮನಿ ಮುಂದಿನ ರೋಡಿಗಿ ಏನು ಧಾಡಿ ಆಗೈತಿ? ನಾ ಮದಿವ್ಯಾಗಿ ಬಂದಾಗ ನಮ್ಮ ಕಟ್ಟಿ ಮ್ಯಾಲ ಕುಂತ್ರ ಕಾಲು ನೆಲಕ್ಕ ಮುಟ್ತಿದ್ದಿಲ್ಲ. ಈಗ ಕುಂತ್ರ ಮೊಣಕಾಲು ಗದ್ದಕ್ಕ ಬಡೀತಾವು. ಇನ್ನೊಂದು ರೋಡ್ ಹಾಕಿದ್ರ ನನ್ನ ಕಟ್ಟಿ ಹೂತ ಹೊಕ್ಕೈತಿ. ಸಂಜಿಗಿ ನಾ ಎಲ್ಲಿ ಕೂಡ್ಲಿ, ನಿನ್ನ ತಲಿ ಮ್ಯಾಲ?”

ಗದ್ದೆಮ್ಮನ ಮೇಲಿನ ಪ್ರೀತಿಯಿಂದ ಆಡಿದ ಮಾತಲ್ಲ ಅದು. ಒಂದೇ ಓಣಿಯಲ್ಲಿ ಮುದುಕಿಯರಾದ ಇಬ್ಬರೂ ಒಬ್ಬರ ಮನೆಯ ಹೊಸ್ತಿಲನ್ನು ಒಬ್ಬರು ತುಳಿದವರಲ್ಲ. ಶೇಖರಮ್ಮನಿಗೆ ಅವಳ ಕಟ್ಟೆ, ಗದ್ದೆಮ್ಮನಿಗೆ ಅವಳ ಒಲೆ. ಹೋರಾಟದಲ್ಲಿ ನಾವು ವರ್ಷಗಟ್ಟಲೆ ಹುಡುಕಿದ ಒಗ್ಗಟ್ಟು ಎಷ್ಟೋ ಸಲ ಇಂಥ ಕಡೆಯೇ ಸಿಗುತ್ತದೆ.

“ಮೆಂಬರ್ ಏನಂತಾರ? ಈ ವಾರ್ಡಿನ ಮೆಂಬರ್ ಯಾರು?” ಶಾಸಕರು ಕೇಳಿದರು.

“ನಾನಾ ರೀ,” ಎಂದ ಶಿವಕಾಂತ.

“ಮೆಂಬರ್ ನಾ ಅದೀನ್ರಿ,” ಎಂದಳು ಸುರೇಖಾ, ಕೆಳಗಿನಿಂದ.

ಅವಳ ದನಿ ಸಭೆಯಲ್ಲಿ ಕೇಳಿದ್ದು ಅವತ್ತೇ ಮೊದಲು. ಹೇಳಿದ ಮೇಲೆ ಅವಳಿಗೇ ಅಂಜಿಕೆಯಾಗಿರಬೇಕು, ತಟ್ಟೆಯನ್ನು ಎದೆಗೆ ಹಿಡಿದಳು. ಆದರೆ ಮಾತು ಮುಗಿಸಿದಳು. “ಹಳೇವು ಕಿತ್ತಾಕ್ರಿ. ಟಾಕಿ ತನಕಾನ ಆಗ್ಲಿ. ನನ್ನ ಕಾಲು ಈಗಾಗ್ಲೇ ಕೆರ್‍ಯಾಕತ್ತಾವು ಈ ನೀರಾಗ.”

ಮಂದಿ ಹೋ ಎಂದರು. ಅವಳು ಯಾಕೆ ಹಾಗೆಂದಳು ಎಂಬುದಕ್ಕೆ ಊರಲ್ಲಿ ಹಲವು ಕತೆಗಳಿವೆ. ಅತ್ತೆ ಬಾಯಿ ಬಿಟ್ಟ ಮೇಲೆ ಸೊಸೆಗೆ ಧೈರ್ಯ ಬಂತು ಎಂಬುದೇ ಸರಿ ಇರಬೇಕು. ಗಂಡನಿಗಿಂತ ಅತ್ತೆಯ ಜೊತೆ ಇರುವುದು ಆ ಮನೆಯಲ್ಲಿ ಹೆಚ್ಚು ಕ್ಷೇಮ.

“ಆತು, ಹಂಗ ಆಗ್ಲಿ. ಅಯ್ಯನೋರ, ಹೊಡಿಯೋದು ಎಲ್ಲಿ?” ಶಾಸಕರು ಕೇಳಿದರು. ಅಯ್ಯನವರಿಗೆ ರಾಹುಕಾಲದ ಚಿಂತೆ. “ಎಲ್ಲರ ಹೊಡೀರಿ ಮಾರಾಯ್ರ,” ಎಂದರು. ಶಾಸಕರು ಒಡ್ಡಿಗೆ ಬೆನ್ನು ಹಾಕಿ ತಿರುಗಿ, ಎದುರಿಗಿದ್ದ ರಸ್ತೆಯ ಅಂಚಿಗೆ ಗುದ್ದಲಿ ಬೀಸಿದರು. ಮೂರನೇ ರಸ್ತೆಯ ಒಂದು ತುಂಡು ಬೆಲ್ಲದ ಹೆಂಟೆಯಂತೆ ಉದುರಿ ನೀರಿಗೆ ಬಿತ್ತು. ಪೂಜೆಯ ಗುದ್ದಲಿಗೇ ಉದುರುವ ರಸ್ತೆ. ಇಂಜಿನಿಯರ್ ಆಕಾಶ ನೋಡಿದ.

ಕೆಲಸ ಶುರುವಾಗಲು ತಡವಾಯಿತು. ನಡುವೆ ಇಂಜಿನಿಯರ್ ಬದಲಾದ. ಬಂದವನು 'ಕೀಳೋದ್ಯಾಕೆ' ಎಂದು ಮೊದಲಿನಿಂದ ಕೇಳಿದ. ಸುರೇಖಾ ಪಂಚಾಯಿತಿಗೆ ತಾನೇ ಹೋಗಿ ಕೂತಳು. ಗಂಡ ಬೈಕಿನಲ್ಲಿ ಬಿಟ್ಟು ಹೊರಗೆ ನಿಂತ. ಕೊನೆಗೆ ಜೆಸಿಬಿ ಬಂತು. ಕಿತ್ತಾಗ ಮೂರು ರಸ್ತೆಗಳು ಒಂದರ ಮೇಲೊಂದು ರೊಟ್ಟಿ ಜೋಡಿಸಿದಂತೆ ಕಂಡವು. ಅವುಗಳ ಅಡಿಯಲ್ಲಿ ಆದೆಪ್ಪ ಇಟ್ಟ ಮೆಟ್ಟಿಲ ಕಲ್ಲು ಸಿಕ್ಕಿತು. ಜೆಸಿಬಿಯ ಹಲ್ಲಿಗೆ ಸಿಕ್ಕು ಎರಡಾಗಿತ್ತು. ಗದ್ದೆಮ್ಮ ಒಂದು ತುಂಡನ್ನು ಬಟ್ಟೆ ಒಗೆಯಲು ಅಂಗಳದ ಮೂಲೆಗೆ ಹಾಕಿಸಿಕೊಂಡಳು, ಇನ್ನೊಂದನ್ನು ಅಮೀನ್‌ಸಾಬ್ ಗಿರಣಿಗೆ ಒಯ್ದ. ಅವನ ಗಿರಣಿಯ ನೆಲವನ್ನು ಇನ್ನು ಇಳಿಸಬೇಕು. ಏರಿಸಿದ್ದಕ್ಕಿಂತ ಇಳಿಸುವುದಕ್ಕೆ ಖರ್ಚು ಹೆಚ್ಚು ಎಂದು ಈಗಲೂ ಬೈಯುತ್ತಾನೆ.

ಹೊಸ ರಸ್ತೆ ಗದ್ದೆಮ್ಮನ ಅಂಗಳಕ್ಕೆ ಸಮನಾಗಿ ಬಂತು. ಸಮ ಎಂದರೆ ಸಮ, ತಗ್ಗಲ್ಲ. ಒಂದು ಮೆಟ್ಟಿಲು ಇಳಿಸುತ್ತೇವೆ ಎಂದಿದ್ದರು, ಇಳಿಸಲಿಲ್ಲ. ಟಾಕಿಯ ಮೇಲಿನ ಅರ್ಧ ಓಣಿ ಹಳೆಯದೇ ಇದೆ. ಅಲ್ಲಿ ಶೇಖರಮ್ಮ ಸಂಜೆ ತನ್ನ ಕಟ್ಟೆಯ ಮೇಲೆ ಮೊಣಕಾಲು ಗದ್ದಕ್ಕೆ ತಾಗಿಸಿಕೊಂಡು ಕೂರುತ್ತಾಳೆ.

ರಸ್ತೆಯಾದ ಮೇಲೆ ಮೊದಲ ದೊಡ್ಡ ಮಳೆ ಬಂದಾಗ ನಾವು ಅವಳ ಪಡಸಾಲೆಯಲ್ಲೇ ಇದ್ದೆವು. ಮೇಲಿನ ನೀರು ಬಂತು, ಬಾಗಿಲ ಮುಂದೆ ಹಾದು ಗಟಾರಿಗೆ ಹೋಯಿತು. ಗದ್ದೆಮ್ಮ ಹಿಟ್ಟಿನ ಕೈಯಲ್ಲೇ ಎದ್ದು ಒಮ್ಮೆ ನೋಡಿ ಬಂದು ಕೂತಳು. ಒಡ್ಡು ಮಾತ್ರ ಬಾಗಿಲಿಗೆ ಅಡ್ಡ ಹಾಗೇ ಇತ್ತು. ಅರಿಶಿನ ತೊಳೆದುಹೋಗಿತ್ತು, ಬಿದ್ದ ಚೆಂಡು ಹೂವಿನ ಬೀಜ ಮೊಳೆತು ಒಂದೆರಡು ಸಸಿ ಎದ್ದಿದ್ದವು. ಪದ್ಮಾವತಿ ಹೋಗಿ ಬರುವಾಗಲೆಲ್ಲ ಅದನ್ನು ದಾಟಿ ದಾಟಿ ಬೇಸತ್ತಿದ್ದಳು.

“ಅತ್ತಿ, ಇನ್ನ ನೀರು ಬರಂಗಿಲ್ಲಲ್ಲ. ಈ ಮಣ್ಣು ತಗದು ಹಾಕ್ಲೇನು?”

“ಇರಲಿ ಬಿಡು,” ಎಂದಳು ಗದ್ದೆಮ್ಮ, ರೊಟ್ಟಿ ತಿರುವಿ ಹಾಕುತ್ತಾ. “ಎಲೆಕ್ಷನ್ ಮತ್ತ ಬರತೈತಿ.”